ಅಣ್ಣನ ಕಾಲು, ಊರಿನ ಬಾವಿ

೩, ಸೋಮವಾರ, ಬೆಳಿಗ್ಗೆ
ಇವತ್ತೂ ಬಾವಿಗಳ ಉಸ್ತುವಾರಿ ನನ್ನದೇ. ಹನ್ನೊಂದು ಬಾವಿ. ಅಪ್ಪ ಹೋದ ದಿನವೇ ಎಲ್ಲ ಬತ್ತಿದವು. ತಕ್ಕವರು ಸಿಂಹಾಸನದಲ್ಲಿ ಕೂತರೆ ಮತ್ತೆ ಉಕ್ಕುತ್ತವೆ, ನಮ್ಮ ವಂಶದಲ್ಲಿ ಹಾಗೇ. ಅಣ್ಣ ಕೂತು ಒಂಬತ್ತು ದಿನ. ಹನಿಯೂ ಇಲ್ಲ. ನೀರು ಬಂದೀತೆಂದು ಕ್ಯೂನಲ್ಲಿ ಕಾದಿದ್ದ ಮುದುಕಿ ಬಕೆಟ್ ಕುಕ್ಕಿದಳು: "ನಿಮ್ಮಣ್ಣಂಗೆ ಕೂರೋಕೂ ಬರಲ್ವೇನಮ್ಮ?" ನಗು ಬಂತು. ಆಮೇಲೆ ನಾಚಿಕೆ.

೪, ಮಂಗಳವಾರ, ಮಧ್ಯಾಹ್ನ
ಕೂತುಬಿಟ್ಟೆ! ಅಣ್ಣ ಊಟಕ್ಕೆ ಹೋಗಿದ್ದ, ಸಭಾಂಗಣ ಖಾಲಿ. ಹದಿನೇಳು ವರ್ಷ ನನಗೆ ಸಿಕ್ಕಿದ್ದು ಅವನ ಹಳೇ ಕತ್ತಿ, ಅವನ ಹಳೇ ಕುದುರೆ... ಒಂದು ಸಲ ನೋಡೇಬಿಡೋಣ ಅನ್ನಿಸಿತು. ಹತ್ತು ಉಸಿರು, ಅಷ್ಟೇ. ಹೊರಗೆ ಕೂಗು — ನೀರು! ನೀರು! ಗಾಬರಿಯಾಗಿ ಎದ್ದೆ. ನೀರು ನಿಂತುಹೋಯಿತು. ಸಿಂಹಾಸನ ಅವನಿಗಲ್ಲ, ನನಗೆ ಒಲಿಯಿತು. ನನಗೆ!

ಅದೇ ದಿನ, ಸಂಜೆ
ಅಣ್ಣನ ಪಾದಗಳು ಕಲ್ಲಾಗಿವೆ. ಊಟ ಮುಗಿಸಿ ಏಳಲು ಹೋಗಿ ಬಿದ್ದನಂತೆ. ಮುಟ್ಟಿದೆ. ತಣ್ಣಗೆ. ದಿವಾನರು ಪಕ್ಕಕ್ಕೆ ಕರೆದರು. "ಸಿಂಹಾಸನ ಒಬ್ರನ್ನ ಒಪ್ಕೊಂಡ್ರೆ ಮೊದಲು ಕೂತವರನ್ನ ಉಳಿಸಲ್ಲಮ್ಮ. ನೀವು ಬೇಗ ಎದ್ದಿದ್ದಕ್ಕೆ ಪಾದಕ್ಕೇ ನಿಂತಿದೆ. ನಿಮ್ಮ ದೊಡ್ಡಪ್ಪ ಹೇಗೆ ಹೋದ್ರು ಅಂದ್ಕೊಂಡ್ರಿ?"
ಜ್ವರ ಬಂದು ಅಂದಿದ್ದ ಅಪ್ಪ.

೯, ಭಾನುವಾರ
ಐದು ದಿನದಿಂದ ಕೋಣೆಯಲ್ಲಿ ಕೂಡಿಹಾಕಿದ್ದಾರೆ. ಅಣ್ಣನ ಅಪ್ಪಣೆ. ನಾನೂ ಜಗಳವಾಡಲಿಲ್ಲ — ಬೀಗ ಇದ್ದರೆ ಕೂರಬೇಕೋ ಬೇಡವೋ ಅಂತ ನಾನು ತೀರ್ಮಾನಿಸಬೇಕಿಲ್ಲವಲ್ಲ. ಕಿಟಕಿಯಿಂದ ಬೀದಿ ಕಾಣುತ್ತದೆ. ಇವತ್ತು ಮೂರು ಪುಟ್ಟ ಹೆಣಗಳನ್ನು ಹೊತ್ತು ಹೋದರು. ಅಳುವವರ ಕಣ್ಣಲ್ಲೂ ನೀರಿರಲಿಲ್ಲ.

೧೦, ಸೋಮವಾರ, ಬೆಳಿಗ್ಗೆ
ಅಣ್ಣನೇ ಬಂದ, ಗಾಲಿಕುರ್ಚಿಯಲ್ಲಿ. ಬೀಗ ತೆಗೆಸಿದ.
"ಬೇಕೂಂತ ಕೂತ್ಯಾ?"
"ಹೂಂ. ಆದ್ರೆ ಹೀಗಾಗತ್ತೆ ಅಂತ ಗೊತ್ತಿರಲಿಲ್ಲ."
"ಗೆದ್ದೆ ಅನ್ನಿಸ್ತಾ?"
"...ಅನ್ನಿಸ್ತು."
"ನಂಗೂ ಅನ್ನಿಸಿತ್ತು ಕಣೇ, ಮೊದಲ್ನೇ ದಿನ."
ಅವನೂ ಕಿಟಕಿಯತ್ತ ನೋಡಿದ.
"ಹೆದರಿಕೆ ಆಯ್ತು ಗುಬ್ಬಿ. ಅದಕ್ಕೇ ಬೀಗ ಹಾಕಿಸ್ದೆ. ಮಧ್ಯಾಹ್ನ ಕೂತ್ಕೋ. ಬೇಡ ಅಂತ ಕಿರುಚಿಬಿಡ್ತೀನೇನೋ. ಕೇಳಿಸ್ಕೋಬೇಡ."
ಅವನ ಮಡಿಲಲ್ಲಿ ಮುಖವಿಟ್ಟು ಅತ್ತೆ. ತಲೆ ಸವರಿದ. ಬಿಕ್ಕುತ್ತಲೇ ಹೂಂ ಅಂದೆ.

ಮಧ್ಯಾಹ್ನ
ಕೂತಿದ್ದೇನೆ. ಕೈ ಸುಮ್ಮನಿದ್ದರೆ ಎದ್ದುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಹೊರಗೆ ನೀರು ಧೋ ಎನ್ನುತ್ತಿದೆ, ಜನ ಕುಣಿಯುತ್ತಿದ್ದಾರೆ. ಅಣ್ಣ ಎದುರಿಗೇ. ಕಲ್ಲು ಮಂಡಿ ದಾಟಿತು. ಸೊಂಟ. ಕಿರುಚುತ್ತಿಲ್ಲ. "ಏಳ್ಬೇಡಿ, ಏಳ್ಬೇಡಿ" — ದಿವಾನರು. ಎದೆಯವರೆಗೂ ಬಂತು. ಈಗ ಅಣ್ಣನ ತುಟಿ ಅಲುಗುತ್ತಿದೆ. ಬೇಡ ಅಂದನೇ? ಗುಬ್ಬಿ ಅಂದನೇ? ಈ ಗದ್ದಲದಲ್ಲಿ ಕೇಳುತ್ತಿಲ್ಲ. ಕೇಳಬೇಕಾದರೆ ಎದ್ದು ಹತ್ತಿರ