ಈ ದೋಣಿಯ ಮೊದಲ ಒಡೆಯರಿಗೆ

ಏರುನೀರಿನ ತೊಂಬತ್ತೊಂದನೆಯ ವರ್ಷ, ವಾಯವ್ಯಗಾಳಿಯ ತಿಂಗಳು
ಮೆಟ್ಟಿಲೂರು, ಮಾಲವಣದ ಮೇಲಿನ ಗುಡ್ಡ

ಮಾನ್ಯರೇ,

ಮೇಲೆ ಬರೆದ ತೇದಿ ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಕಡಲು ಹೆದ್ದಾರಿಯನ್ನು ದಾಟಿ ಬಂದು ಮತ್ತೆ ಹಿಂದಕ್ಕೆ ಸರಿಯದೆ ಉಳಿದ ವರ್ಷದಿಂದ ನಾವು ಎಣಿಸುತ್ತೇವೆ. ಅದನ್ನೇ ಏರುನೀರು ಎನ್ನುತ್ತೇವೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಶಾಲಾ ಪುಸ್ತಕಗಳಲ್ಲಿ ಓದಿ ಕಲಿತವಳು. ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಈಗ ನನ್ನದಾಗಿರುವ ಚಿಕ್ಕ ಹಾಯಿದೋಣಿಯನ್ನು ನೂರೈವತ್ತು ವರ್ಷಗಳ ಹಿಂದೆ ಮೊದಲು ಕೊಂಡವರು ನೀವು, ಕೊಂಡದ್ದು ಸುಖಕ್ಕಾಗಿ, ಅಷ್ಟು ಗೊತ್ತು. ದೋಣಿಯ ಒಳಕೋಣೆಯ ಹಲಗೆಯ ಮೇಲೆ ಯಾರೋ ಒಂದು ಮಗುವಿನ ಎತ್ತರವನ್ನು ವರ್ಷ ವರ್ಷವೂ ಗೀರಿ ಗುರುತು ಮಾಡಿದ್ದಾರೆ. ಕೆಲಸಕ್ಕೆಂದು ಕೊಂಡ ದೋಣಿಯಲ್ಲಿ ಹಾಗೆ ಯಾರೂ ಮಾಡುವುದಿಲ್ಲ.

ಮರದ ದೋಣಿಗಳೆಲ್ಲ ಕೊಳೆತುಹೋದವು, ಕಬ್ಬಿಣದವನ್ನು ಉಪ್ಪು ತಿಂದಿತು. ನಿಮ್ಮ ಕಾಲದ ಫೈಬರಿನ ದೋಣಿ ಮಾತ್ರ ಉಳಿಯಿತು. ನನ್ನ ಗಂಡ ಜಟ್ಟಪ್ಪ ಇದನ್ನು ಮೊದಲು ನೋಡಿದಾಗ ಅದು ಕೊಲ್ಲಿಯ ಕೆಸರಿನಲ್ಲಿ ಒಂದು ಮಗ್ಗುಲಿಗೆ ಒರಗಿ ಬಿದ್ದಿತ್ತು. ನಾವು ಮೆಟ್ಟಿಲೂರಿನವರು, ಎಂದರೆ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಒಂದೊಂದು ಮೆಟ್ಟಿಲಿನಲ್ಲಿ ಮನೆ, ಗದ್ದೆ, ನೀರಿನ ತೊಟ್ಟಿ ಮಾಡಿಕೊಂಡವರು. ನಮ್ಮ ಪಾಲಿಗೆ ಬಂದಿದ್ದ ಗದ್ದೆಯಲ್ಲಿ ಅರ್ಧವನ್ನು ಬಿಟ್ಟುಕೊಟ್ಟು ಅವರು ಈ ದೋಣಿ ತಂದರು.

"ಮಂಗಲಾ, ಇದು ಒಂದು ಮನೆನೇ ಆಯ್ತು ನೋಡು," ಎಂದರು. "ಒಲೆ ಅದೆ, ಹಾಸ್ಗೆ ಅದೆ. ಸುಡೆಣ್ಣೆ ಬೇಡ, ರಹದಾರಿ ಬೇಡ. ಗಾಳಿ ಬಂದ್ರೆ ಹೊರಟೆವು."

ಸುಡೆಣ್ಣೆ ಎಂದರೆ ನೀವು ಡೀಸೆಲ್ ಎನ್ನುತ್ತಿದ್ದದ್ದು. ನಮ್ಮಲ್ಲಿ ಅದು ಆಸ್ಪತ್ರೆಯ ಹಡಗಿಗಷ್ಟೇ ಸಿಗುತ್ತದೆ.

"ಗಾಳಿ ಬರ್ದೇ ಹೋದ್ರೆ?" ಎಂದೆ.

"ಉಂಡು ಮಲಗೂದು," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಕೋಣೆಯ ನಡುವೆ ಒಂದು ಕಡೆ ಬಿಟ್ಟರೆ ಬೇರೆಲ್ಲೂ ತಲೆ ಎತ್ತಿ ನಿಲ್ಲುವಂತಿರಲಿಲ್ಲ. ಇಬ್ಬರು ಮಲಗಿದರೆ ಮೂರನೆಯವರು ಮೊಣಕಾಲು ಮಡಚಿಕೊಳ್ಳಬೇಕು. ಕಿಟಕಿಯ ಸಂದಿನಿಂದ ನೀರು ಜಿನುಗಿ ಹಾಸಿಗೆ ಯಾವಾಗಲೂ ತಣ್ಣಗಿರುತ್ತಿತ್ತು. ಮಳೆಗಾಲದ ನಾಲ್ಕು ತಿಂಗಳು ದಡಕ್ಕೆಳೆದು ಮುಚ್ಚಿಟ್ಟರೂ ಬೂಸಲು ಹಿಡಿಯುತ್ತಿತ್ತು. ಮಳೆ ನಿಂತ ಮೇಲೆ ಜಟ್ಟಪ್ಪ ತಳಕ್ಕಂಟಿದ ಚಿಪ್ಪುಗಳನ್ನು ಕೆರೆಯುವರು, ಬಿಸಿಲಿಗೆ ಪುಡಿಯಾದ ಹಗ್ಗವನ್ನು ಹೊಸೆಯುವರು, ತೇಪೆಯ ಮೇಲೆ ತೇಪೆ ಹಾಕಿ ಹಾಯಿ ಹೊಲಿಯುವರು. "ಹೊತ್ತು ಹುಟ್ಟಿದ್ರೆ ನೀವು ಇದ್ರ ಚಾಕ್ರಿ ಮಾಡ್ತ್ರಿ. ಇದು ನಿಮ್ಮ ಚಾಕ್ರಿ ಮಾಡೂದು ಯಾವಾಗ?" ಎಂದು ನಾನು ಕೇಳುತ್ತಿದ್ದೆ.

ಆದರೂ ಒಂದು ಮಾತು ಒಪ್ಪಬೇಕು. ಬೆಳಗಿನ ನೆಲಗಾಳಿಗೆ ಹಾಯಿ ಬಿಚ್ಚಿ, ಗುಡ್ಡ ಹಿಂದಾಗಿ, ಅಕ್ಕಪಕ್ಕದವರ ಜಗಳ, ತೊಟ್ಟಿಯ ಮುಂದಿನ ಸಾಲು, ಎಲ್ಲವೂ ಕೇಳಿಸದಾದಾಗ ನಾವಿಬ್ಬರೂ ಬೇರೆ ಮನುಷ್ಯರಾಗುತ್ತಿದ್ದೆವು. ಮನೆಯಲ್ಲಿ ದಿನಕ್ಕೆ ನಾಲ್ಕು ಮಾತು ಆಡದ ಗಂಡಸು ಚುಕ್ಕಾಣಿ ಹಿಡಿದರೆ ಹಾಡುತ್ತಿದ್ದರು. ಓಲಾಡುವ ಒಲೆಯ ಮೇಲೆ ಗಂಜಿ ಕಾಯಿಸಿ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಅಂಥ ಮೂರು ಬೇಸಿಗೆಗಳು ನನಗೆ ಸಿಕ್ಕವು.

ನಾಲ್ಕನೆಯ ಬೇಸಿಗೆಯಲ್ಲಿ ನನ್ನ ಅತ್ತೆ ಗಣಪಿ ತಮ್ಮ ಮನಸ್ಸಿನ ಆಸೆ ಹೇಳಿದರು. ಅವರದು ಅಘನಾಶಿನಿ ಹೊಳೆಯ ಬಾಯಿಯಲ್ಲಿದ್ದ ಒಂದು ಕುರ್ವೆ, ಎಂದರೆ ಹೊಳೆಯ ನಡುವಿನ ದ್ವೀಪ. ಉಪ್ಪುನೀರಿನಲ್ಲೂ ಬೆಳೆಯುವ ಕಗ್ಗ ಎಂಬ ಭತ್ತ ಅಲ್ಲಿ ಬೆಳೆಯುತ್ತಿತ್ತಂತೆ. ಏರುನೀರಿನ ಮೇಲೂ ಅಲ್ಲಿಯವರು ಕಟ್ಟೆಯನ್ನು ಎತ್ತರಿಸುತ್ತ ಬದುಕಿದ್ದರು. ಅತ್ತೆ ಮದುವೆಯಾಗಿ ಅಲ್ಲಿಗೆ ಬಂದ ಕೆಲವೇ ವರ್ಷಕ್ಕೆ ಕಟ್ಟೆ ಒಡೆಯಿತು. ಅವರನ್ನೆಲ್ಲ ಹಡಗಿನಲ್ಲಿ ತುಂಬಿ ಬಡಗಿನ ಈ ಗುಡ್ಡಕ್ಕೆ ತಂದು ಇಳಿಸಿದರು. ಜನವಿಲ್ಲದ ಕಡೆಗೆ ಯಾವ ಹಡಗೂ ಹೋಗುವುದಿಲ್ಲ. ಹಾಗಾಗಿ ಅತ್ತೆ ಮತ್ತೆ ಅತ್ತ ಹೋಗಿರಲಿಲ್ಲ.

"ನನ್ನ ಒಂದ್ಸಲ ಕುರ್ವೆಗೆ ಕರ್ಕಂಡಿ ಹೋಗಾ, ಜಟ್ಟಿ," ಎಂದರು.

"ಅಲ್ಲಿ ಈಗ ಎಂತದೂ ಇಲ್ಲ, ಅವ್ವಿ."

"ಇಲ್ದೇ ಇರೂದನ್ನೇ ನೋಡ್ಬೇಕಾಗದೆ ನಂಗೆ."

ಹೋಗುವಾಗ ಗಾಳಿ ಬೆನ್ನಿಗಿತ್ತು. ಗೋವೆಯನ್ನು ದೂರದಿಂದ ದಾಟಿದೆವು. ಅತ್ತೆ ವಾಂತಿ ಮಾಡಿಕೊಂಡರು, ಮತ್ತೆ ಎದ್ದು ಕುಳಿತು ಒಣಮೀನು ಸುಟ್ಟುಕೊಡೆಂದು ಕೇಳಿದರು. ಅಘನಾಶಿನಿಯ ಬಾಯಿ ತಲುಪಿದಾಗ ಕಂಡದ್ದು ಎತ್ತ ನೋಡಿದರೂ ಕಂದುನೀರು. ಅತ್ತೆ ಗುಡ್ಡಗಳ ಸಾಲನ್ನು ಬಹಳ ಹೊತ್ತು ನೋಡುತ್ತಿದ್ದು, ಎಡಕ್ಕೆ ಬಲಕ್ಕೆ ಕೈ ಮಾಡಿ, ಕೊನೆಗೆ "ಇಲ್ಲಿ" ಎಂದರು. ಜಟ್ಟಪ್ಪ ಲಂಗರು ಬಿಟ್ಟರು. ಹಗ್ಗ ನಾಲ್ಕು ಮಾರು ಇಳಿದು ನಿಂತಿತು.

"ಹಂಗಾರೆ ಮನೆ ಮಾಡಿನ ಮೇಲೇ ಕುಂತಂಗಾಯ್ತು ನಾವು," ಎಂದು ಅತ್ತೆ ನಕ್ಕುಬಿಟ್ಟರು. "ಮಂಗ್ಲಿ, ಬಡ್ಸು. ಇವತ್ತು ಮನೆಯಲ್ಲೇ ಊಟ."

ಅಳಬಹುದೆಂದು ನಾನು ಹೆದರಿದ್ದೆ. ಅವರು ಅಳಲಿಲ್ಲ. ಉಂಡು, ತಟ್ಟೆಯನ್ನು ಅದೇ ನೀರಿನಲ್ಲಿ ತೊಳೆದು, "ಸಾಕು, ನಡೀರಿ" ಎಂದರು. ಜಟ್ಟಪ್ಪ ಅವತ್ತು ಎಷ್ಟು ಸಂತೋಷವಾಗಿದ್ದರೆಂದರೆ ನನ್ನ ಕಡೆ ತಿರುಗಿ, "ಈಗ ಹೇಳು, ಅರ್ಧ ಗದ್ದೆ ಕೊಟ್ಟದ್ದು ನಷ್ಟವಾ?" ಎಂದು ಕೇಳಿದರು. ಅಲ್ಲ ಎಂದೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಬರುವಾಗ ಗಾಳಿ ಮುಖಕ್ಕೆ. ಎದುರುಗಾಳಿಯಲ್ಲಿ ಚಿಕ್ಕ ದೋಣಿ ಹೇಗೆ ಹೋಗುತ್ತದೆಂದು ನಿಮಗೆ ತಿಳಿದಿರಬೇಕು. ಒಂದು ಮಗ್ಗುಲಿಗೆ ವಾಲಿಕೊಂಡು, ಅಲೆ ಅಲೆಗೂ ಮೂತಿ ಕುಟ್ಟಿಕೊಂಡು, ಅತ್ತ ಒಂದು ಓಟ ಇತ್ತ ಒಂದು ಓಟ. ಕಾರವಾರದ ಎದುರಿಗೆ, ದ್ವೀಪದ ಮೇಲೆ ಮೊಂಡಾಗಿ ನಿಂತ ದೀಪಸ್ತಂಭ ಕಾಣುವಲ್ಲಿ, ಮಧ್ಯಾಹ್ನ ಗಾಳಿ ಜೋರಾಯಿತು. ಮುಂದಿನ ಹಾಯಿಯ ಹಗ್ಗ ಸಿಕ್ಕಿಕೊಂಡಿತು. ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟು ಜಟ್ಟಪ್ಪ ಮುಂದಕ್ಕೆ ಹೊರಟರು.

"ಸೊಂಟಕ್ಕೆ ಹಗ್ಗ ಕಟ್ಕಳಿ," ಎಂದೆ.

"ಇಷ್ಟು ಕೆಲ್ಸಕ್ಕೆ ಎಂತಾ ಹಗ್ಗ?" ಎಂದರು.

ಅದೇ ಅವರ ಕೊನೆಯ ಮಾತು. ಒಂದು ಅಲೆ ಬಂತು, ದೊಡ್ಡದೇನಲ್ಲ. ಮೂತಿ ಎದ್ದು ಕೆಳಗೆ ಬಿತ್ತು. ಬಗ್ಗಿ ಗಂಟು ಬಿಡಿಸುತ್ತಿದ್ದ ಮನುಷ್ಯ ಅಲ್ಲಿರಲಿಲ್ಲ. ನಾನು ಕೂಗಿದೆ. ಪಕ್ಕದಲ್ಲೇ ಅವರ ತಲೆ ಕಂಡಿತು, ಮರುಕ್ಷಣ ಹಿಂದಾಯಿತು. ಬಂಡಿಯಾದರೆ ನಿಲ್ಲಿಸಬಹುದು. ಹಾಯಿ ತುಂಬಿದ ದೋಣಿಯನ್ನು ಒಬ್ಬಳೇ ನಿಲ್ಲಿಸಿ, ತಿರುಗಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ತರುವುದು ನನಗೆ ಕಷ್ಟವಾಯಿತು. ಅವರು ಕಲಿಸಿದ್ದರು, ನಾನು ಮಾಡಿದೆ, ಆದರೆ ಹೊತ್ತು ಹಿಡಿಯಿತು. "ಅಲ್ಲಿ! ಅಂವ ಅಲ್ಲಿ!" ಎಂದು ಅತ್ತೆ ಕೈ ಚಾಚಿ ತೋರಿಸುತ್ತಲೇ ಇದ್ದರು. ನಾನು ಅವರ ಬೆರಳನ್ನು ನೋಡಿಕೊಂಡು ದೋಣಿ ತಿರುಗಿಸಿದೆ. ಆಮೇಲೆ ಅತ್ತೆ ಕೂಗುವುದನ್ನು ನಿಲ್ಲಿಸಿದರು. ಕೈ ಮಾತ್ರ ಚಾಚಿಯೇ ಇತ್ತು. ಅದರ ತುದಿಯಲ್ಲಿ ನೀರಷ್ಟೇ ಇತ್ತು.

ಕತ್ತಲಾಗುವವರೆಗೆ ಹುಡುಕಿದೆವು. ಒಂದು ಹಡಗಿಲ್ಲ, ಒಂದು ದೋಣಿಯಿಲ್ಲ. ಯಾರ ಅಪ್ಪಣೆಯೂ ಬೇಡವೆಂದು ಹೊರಟವರಿಗೆ ಯಾರ ಸಹಾಯವೂ ಇರುವುದಿಲ್ಲವೆಂದು ಆಗ ತಿಳಿಯಿತು.

ಮನೆಗೆ ಬಂದದ್ದು ಹೇಗೆಂದು ಪೂರ್ತಿ ನೆನಪಿಲ್ಲ. ಅದುವರೆಗೆ ಚುಕ್ಕಾಣಿ ಮುಟ್ಟದಿದ್ದ ಅತ್ತೆ ಅದನ್ನು ಎರಡೂ ಕೈಯಲ್ಲಿ ಅವಚಿಕೊಂಡು ಕುಳಿತಿದ್ದರು. ನಾನು ಹಾಯಿ ನೋಡಿಕೊಂಡೆ. ಗಾಳಿ ತಗ್ಗಿದಾಗ ಅತ್ತೆ ತಂದಿಟ್ಟ ಗಂಜಿಯನ್ನು ನಾನು ಪಕ್ಕಕ್ಕೆ ಸರಿಸಿದೆ. "ಉಣ್ಣು, ಮಂಗ್ಲಿ. ನೀ ಬಿದ್ರೆ ಎತ್ತೂಕೆ ನನ್ನ ಕೈಲಿ ಆಗೂದಿಲ್ಲ," ಎಂದರು. ಮಗನನ್ನು ಕಳೆದುಕೊಂಡ ತಾಯಿ ನನ್ನ ಬಾಯಿಗೆ ತುತ್ತಿಟ್ಟರು.

ಊರಿಗೆ ಬಂದ ಮೇಲೆ ದೋಣಿಯನ್ನು ಒಡೆದುಹಾಕಲು ನಿಶ್ಚಯಿಸಿದೆ. ಒಡೆದ ಫೈಬರನ್ನು ಮನೆಯ ಮಾಡಿಗೆ ಹೊದಿಸುವವರು ಬಂದು ಬಾಗಿಲಲ್ಲಿ ನಿಂತಿದ್ದರು. ಕುರ್ವೆಗೆ ಹೋಗಬೇಕೆಂದು ತಾನು ಕೇಳಿದ್ದರಿಂದಲೇ ಹೀಗಾಯಿತೆಂದು ಅತ್ತೆ ಅಷ್ಟು ದಿನ ಮನೆಯ ಹೊರಗೆ ಕಾಲಿಟ್ಟಿರಲಿಲ್ಲ. ಆಗ ಹೊರಗೆ ಬಂದರು.

"ಒಡೀಬೇಡ, ಮಗಾ," ಎಂದರು. "ಅಂವ ಬಿದ್ದಲ್ಲಿಗೆ ಹೋಗೂಕೆ ನಮಗೆ ಬೇರೆ ಎಂತ ಅದೆ?"

ನಾನು ಬಂದವರನ್ನು ಕಳಿಸಿಬಿಟ್ಟೆ. ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯೂ ನಾವಿಬ್ಬರು ಹೆಂಗಸರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅಲ್ಲಿಗೆ ಹೋಗಿಬರುತ್ತಿದ್ದೆವು. ಚಿಪ್ಪು ಕೆರೆಯುವುದನ್ನು, ಹಗ್ಗ ಹೊಸೆಯುವುದನ್ನು ನಾನೇ ಕಲಿತೆ. ದೀಪಸ್ತಂಭದ ಹಿಂದೆ ಎರಡು ಗುಡ್ಡ ಸೇರಿ ಒಂದಾಗಿ ಕಾಣುವ ಕಡೆ ಹಾಯಿ ಇಳಿಸಿ ಸ್ವಲ್ಪ ಹೊತ್ತು ತೇಲುತ್ತ ಕೂರುತ್ತಿದ್ದೆವು. ಒಂದು ಕಲ್ಲಿಲ್ಲ, ಗಿಡವಿಲ್ಲ. ಹೂ ಹಾಕಿದರೆ ಅದೂ ಹರಿದುಹೋಗುತ್ತಿತ್ತು. ಹೋದ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಈ ಬೇಸಿಗೆ ದೋಣಿ ಇನ್ನೂ ದಡದ ಮೇಲೆಯೇ ಇದೆ. ಒಬ್ಬಳೇ ಅದನ್ನು ನೀರಿಗಿಳಿಸುವ ಶಕ್ತಿ ನನ್ನ ತೋಳಿನಲ್ಲಿಲ್ಲ.

ಹಾಯಿದೋಣಿ ಇಟ್ಟುಕೊಳ್ಳುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಇಲ್ಲಿನ ಹುಡುಗ ಹುಡುಗಿಯರು ನನ್ನನ್ನು ಕೇಳುತ್ತಾರೆ. ಒಬ್ಬರೇ ನಡೆಸಲಾಗದ ದೋಣಿಯಲ್ಲಿ ಇಬ್ಬರೇ ಹೋಗಬೇಡಿ ಎನ್ನುತ್ತೇನೆ. ಅದಕ್ಕಿಂತ ಹೆಚ್ಚಿನದು ನನಗೆ ಹೇಳಲು ಬರುವುದಿಲ್ಲ.

ನಿಮ್ಮಲ್ಲಿ ನನ್ನದೊಂದು ಕೋರಿಕೆಯಿದೆ. ನಿಮ್ಮ ಕಾಲದಲ್ಲಿ ಈ ದೋಣಿ ಹೊಸದು, ಹಾಯಿ ಬೆಳ್ಳಗಿರುತ್ತದೆ, ನಿಮ್ಮ ಮನೆಯ ಮಗು ನಗುತ್ತ ಕುಳಿತಿರುತ್ತದೆ. ಎಂದಾದರೂ ಕಾರವಾರದ ಎದುರಿಗೆ ಬಂದರೆ, ದೀಪಸ್ತಂಭದ ಹಿಂದೆ ಆ ಎರಡು ಗುಡ್ಡ ಒಂದಾಗುವ ಕಡೆ ಹಾಯಿಯನ್ನು ಕೊಂಚ ಇಳಿಸಿ. ಏಕೆಂದು ಮಗುವಿಗೆ ಹೇಳಬೇಕಾಗಿಲ್ಲ. ಸ್ವಲ್ಪ ಹೊತ್ತು ಆ ನೀರನ್ನು ನನ್ನ ಪರವಾಗಿ ನೋಡಿ. ಅಲ್ಲಿ ಇನ್ನೂ ಏನೂ ಆಗಿಲ್ಲ.

ಇತಿ,
ಮಂಗಲಾ ಜಟ್ಟಪ್ಪ ಹರಿಕಂತ್ರ