ಭೂತಕಾಲ ಮುಂದಿನ ಸೆಮಿಸ್ಟರಿನಲ್ಲಿ

ಮಾನ್ಯ ಕುಲಸಚಿವರೇ,

ಹನ್ನೆರಡು ಜನರಿಲ್ಲವೆಂಬ ಕಾರಣಕ್ಕೆ ತಾವು ನಮ್ಮ ಸಂಜೆಯ ಭಾಷಾ ತರಗತಿಗೆ ಬೀಗ ಹಾಕಿಸಿದ್ದೀರಿ. ಸುತ್ತೋಲೆಯಲ್ಲಿ ಕಾರಣವನ್ನೂ ಅಚ್ಚುಕಟ್ಟಾಗಿ ವಿವರಿಸಿದ್ದೀರಿ: "ಓರ್ವ ವಿದ್ಯಾರ್ಥಿನಿಯು ಯಾವುದೇ ಮುನ್ಸೂಚನೆ ನೀಡದೆ ವ್ಯಾಸಂಗವನ್ನು ಸ್ಥಗಿತಗೊಳಿಸಿರುವುದರಿಂದ ಕನಿಷ್ಠ ಸಂಖ್ಯೆಯ ಕೊರತೆ ಉಂಟಾಗಿದೆ." ಆ ವಿದ್ಯಾರ್ಥಿನಿ ನನ್ನ ಹೆಂಡತಿ. ಮುನ್ಸೂಚನೆ ನೀಡದೆ ಹೋದದ್ದು ನಿಜ, ನನಗೂ ನೀಡಲಿಲ್ಲ. ಬೆಳಿಗ್ಗೆ ಹಾಲು ಕಾಯಲು ಇಟ್ಟು, ಸ್ವಲ್ಪ ಕೂರುತ್ತೇನೆ ಎಂದು ಕುರ್ಚಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ. ನಿಮ್ಮ ನಿಯಮಾವಳಿಯ ಪ್ರಕಾರ ಮೊದಲೇ ಅರ್ಜಿ ಕೊಡಬೇಕಿತ್ತಂತೆ. ಅವಳ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ನಾನು ಕನ್ನಡಕದ ಅಂಗಡಿಯವನು. ಹರೆಯದಲ್ಲಿ ಇದೇ ನಿಮ್ಮ ವಿಶ್ವವಿದ್ಯಾಲಯವನ್ನು ಅರ್ಧಕ್ಕೆ ಬಿಟ್ಟು ಅಪ್ಪನ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು. ಅರವತ್ತರ ಹೊಸ್ತಿಲಲ್ಲಿ ಹೆಂಡತಿಯ ಜೊತೆ ವಾಪಸು ಬಂದಾಗ ಪ್ರವೇಶದ ಕಿಟಕಿಯಲ್ಲಿದ್ದ ಗುಮಾಸ್ತರು ನನ್ನ ಬೋಳುತಲೆ ನೋಡಿ, ಮಗನ ಅಡ್ಮಿಷನ್ನೋ ಮಗಳದ್ದೋ ಎಂದು ಕೇಳಿದರು. "ಇವ್ರದ್ದೇ, ಸ್ವಲ್ಪ ತಡವಾಯ್ತು ಅಷ್ಟೇ" ಎಂದಳು ನನ್ನವಳು.

ಈ ವಯಸ್ಸಿನಲ್ಲಿ ನಮಗೇಕೆ ಈ ಉಸಾಬರಿ ಎಂದು ತಾವು ಕೇಳಬಹುದು. ನಮ್ಮ ಒಬ್ಬಳೇ ಮಗಳು ಬೇರೆ ಭಾಷೆಯವನನ್ನು ಮದುವೆಯಾಗಿ ಅವನ ಊರಿನಲ್ಲಿದ್ದಾಳೆ. ಐದು ವರ್ಷದ ಮೊಮ್ಮಗಳಿಗೆ ಆ ಊರಿನ ಭಾಷೆ ಬಿಟ್ಟು ಬೇರೇನೂ ಬಾರದು. ಪ್ರತಿ ಭಾನುವಾರ ಫೋನಿನಲ್ಲಿ ಅವಳು ಪಟಪಟ ಏನೋ ಹೇಳುವಳು, ಮಗಳು ಅದನ್ನು ನಮಗೆ ದಾಟಿಸುವಳು, ನಾವು ನಕ್ಕು ಮುಗಿಸುವ ಹೊತ್ತಿಗೆ ಮಗು ಎದ್ದು ಆಟಕ್ಕೆ ಹೋಗಿರುತ್ತಿತ್ತು. ಒಂದು ಭಾನುವಾರ ಫೋನ್ ಇಟ್ಟಮೇಲೆ ಹೆಂಡತಿ, "ಸ್ವಂತ ಮೊಮ್ಮಗಳ ಜೊತೆ ಮಾತಾಡೋಕೆ ನಡುವೆ ಇನ್ನೊಬ್ರು ಬೇಕಾ ನಮಗೆ?" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಮರುವಾರವೇ ನಿಮ್ಮ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದೆವು.

ಮೇಲಿನ ಮಹಡಿಯ ಕೊನೆಯ ಕೋಣೆ. ಬರೆಯುವ ಹಲಗೆ ಜೋಡಿಸಿದ ಆ ಕುರ್ಚಿಗಳು ಹೊಟ್ಟೆಯಿಲ್ಲದವರಿಗಾಗಿ ಮಾಡಿದವು, ನಾನು ಪ್ರತಿದಿನ ಉಸಿರು ಬಿಗಿಹಿಡಿದು ಅದರೊಳಗೆ ತೂರಿಕೊಳ್ಳುತ್ತಿದ್ದೆ. ಅವಳು ನನಗಿಂತ ಚುರುಕು. ಎರಡೇ ತಿಂಗಳಲ್ಲಿ ಗಿರಾಕಿಗಳ ಎದುರೇ ನನ್ನನ್ನು ಆ ಭಾಷೆಯಲ್ಲಿ ಬೈಯುವಷ್ಟು ಕಲಿತಳು. ಫೋನಿನಲ್ಲಿ ಮೊಮ್ಮಗಳ ಜೊತೆ ನೇರವಾಗಿ ಹರಟತೊಡಗಿದಳು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮೊದಲ ಸೆಮಿಸ್ಟರಿನ ಪಠ್ಯದಲ್ಲಿ ಇದ್ದದ್ದು ವರ್ತಮಾನಕಾಲ ಮಾತ್ರ. ನಿನ್ನೆ ಏನು ಮಾಡಿದೆವು ಎಂದು ಹೇಳುವುದು ಹೇಗೆ ಎಂದು ಯಾರಾದರೂ ಕೇಳಿದರೆ, ಅತಿಥಿ ಉಪನ್ಯಾಸಕಿ ಮೇಡಂ ನಗುತ್ತಾ, ಭೂತಕಾಲ ಮುಂದಿನ ಸೆಮಿಸ್ಟರಿನಲ್ಲಿ ಎನ್ನುತ್ತಿದ್ದರು. "ಅಲ್ಲೀವರೆಗೂ ಯಾರೂ ಏನೂ ಮಾಡಿ ಮುಗಿಸೋ ಹಾಗಿಲ್ಲ ಬಿಡಿ" ಎಂದು ನನ್ನ ಹೆಂಡತಿ ತಮಾಷೆ ಮಾಡಿದ್ದಳು. ಇಡೀ ತರಗತಿ ನಕ್ಕಿತ್ತು.

ಅವಳು ಹೋದಮೇಲಿನ ಮೊದಲ ಭಾನುವಾರ ಮೊಮ್ಮಗಳು ಅಜ್ಜಿ ಎಲ್ಲಿ ಎಂದಳು. ಮಗುವಿಗೆ ಇನ್ನೂ ಹೇಳಿರಲಿಲ್ಲ. ಅಳಿಯ, ಇದು ನಿಮ್ಮ ಮನೆಯವರೇ ಹೇಳಬೇಕಾದ ಮಾತು ಎಂದು ಜಾರಿಕೊಂಡಿದ್ದ. ಮಗಳು ಬಾಯಿ ತೆರೆದರೆ ಅಳುತ್ತಿದ್ದಳು. "ನನ್ ಕೈಲಿ ಆಗಲ್ಲಪ್ಪ, ನೀನೇ ಹೇಳು. ನಿನಗೀಗ ಬರುತ್ತಲ್ಲ" ಎಂದು ಫೋನನ್ನು ಮಗುವಿನ ಕೈಗೆ ಕೊಟ್ಟಳು.

ನನಗೆ ಏನು ಬರುತ್ತದೆ, ಮಾನ್ಯರೇ? ನಿಮ್ಮ ಪಠ್ಯಕ್ರಮ ಕಲಿಸಿದಷ್ಟು ಬರುತ್ತದೆ. ಅಜ್ಜಿ ಮಲಗುತ್ತಾಳೆ ಎಂದೆ. ಹಾಗಾದರೆ ಎಬ್ಬಿಸು ಎಂದಿತು ಮಗು.

ಮರುದಿನ ನಿಮ್ಮ ಕಚೇರಿಗೆ ಬಂದು ಮುಂದಿನ ಸೆಮಿಸ್ಟರಿನ ತರಗತಿ ಯಾವಾಗ ಶುರುವಾಗುತ್ತದೆ ಎಂದು ವಿಚಾರಿಸಿದೆ. ಪರಿಶೀಲಿಸಲಾಗುತ್ತಿದೆ ಎಂದರು. ಮೇಡಂ ಅವರ ಫೋನ್ ನಂಬರು ಕೇಳಿದೆ. ಗುತ್ತಿಗೆ ಮುಗಿದವರ ನಂಬರು ಕೊಡಲು ಅವಕಾಶವಿಲ್ಲವಂತೆ. ನಿಘಂಟು ನೋಡಿಕೊಳ್ಳಿ ಸಾರ್ ಎಂದು ಅದೇ ಕಿಟಕಿಯ ಗುಮಾಸ್ತರು ಸಲಹೆ ಕೊಟ್ಟರು. ನೋಡಿದೆ. "ಸಾಯು" ಎಂಬಲ್ಲಿಗೆ ಕಣ್ಣು ಹೋಗಲಿಲ್ಲ. ಹೆಂಡತಿಯ ವಿಷಯದಲ್ಲಿ ಆ ಪದ ಬಳಸಲು ನನಗೆ ಇಂದಿಗೂ ನಾಲಿಗೆ ಏಳುವುದಿಲ್ಲ. ನಾವು ಹೇಳುವ ಹಾಗೆಯೇ "ತೀರು" ಎಂದು ಹುಡುಕಿದೆ, ಸಿಕ್ಕ ಪದವನ್ನು ಬಾಯಿಪಾಠ ಮಾಡಿದೆ. ಭಾನುವಾರ ಹೇಳಿದೆ. ಮಗು ಕಿಲಕಿಲ ನಕ್ಕಿತು. ಅದು ಡಬ್ಬಿಯಲ್ಲಿ ಸಕ್ಕರೆ ತೀರುವುದಕ್ಕೆ ಇರುವ ಪದವಂತೆ. ಅಜ್ಜಿ ಖಾಲಿಯಾಗಿದ್ದರೆ ಅಂಗಡಿಗೆ ಹೋಗಿ ತಗೊಂಡು ಬಾ ತಾತ ಎಂದಿತು. ಪಕ್ಕದಲ್ಲಿದ್ದ ಮಗಳು ಫೋನ್ ಕಿತ್ತುಕೊಂಡಳು. ಕಟ್ ಮಾಡಿದಳು.

ಬೇಡಿಕೆಯಿಲ್ಲದ ಕೋರ್ಸು ಎಂದು ಬರೆದಿದ್ದೀರಿ. ಬೇಡಿಕೆಯನ್ನು ತಾವು ಅಳೆಯುವುದು ಹೇಗೆ? ಹನ್ನೆರಡು ಜನರಿಗೆ ಬೇಕಾದರೆ ಅದು ಭಾಷೆ, ಹನ್ನೊಂದು ಜನರಿಗಾದರೆ ಬರಿಯ ಖಯಾಲಿಯೇ? ಉತ್ತರ ಬರುವುದಿಲ್ಲವೆಂದು ಬಲ್ಲೆ. ನಿಮ್ಮ ಕಚೇರಿಗೂ ವರ್ತಮಾನಕಾಲ ಬಿಟ್ಟು ಬೇರೆ ತಿಳಿದಂತಿಲ್ಲ: ಪರಿಶೀಲಿಸಲಾಗುತ್ತಿದೆ, ಗಮನಿಸಲಾಗುತ್ತಿದೆ, ಕ್ರಮ ಕೈಗೊಳ್ಳಲಾಗುತ್ತಿದೆ. ಅಲ್ಲಿಯೂ ಯಾವುದನ್ನೂ ಮಾಡಿ ಮುಗಿಸಿದ್ದಿಲ್ಲ, ತರಗತಿಗೆ ಹಾಕಿದ ಬೀಗವೊಂದನ್ನು ಬಿಟ್ಟು.

ಆದ್ದರಿಂದ ನಾನು ಕೋರ್ಸು ಕೇಳುತ್ತಿಲ್ಲ, ಪ್ರಮಾಣಪತ್ರವೂ ಬೇಡ. ಒಂದೇ ಒಂದು ಸಂಜೆ ಆ ಕೋಣೆಯ ಬೀಗ ತೆಗೆಸಿ, ಆ ಮೇಡಂ ಅವರನ್ನು ಕರೆಸಿ. ನನಗೆ ಬೇಕಾದದ್ದು ಒಂದು ಕ್ರಿಯಾಪದ. ಭೂತಕಾಲ, ಪ್ರಥಮ ಪುರುಷ, ಸ್ತ್ರೀಲಿಂಗ, ಏಕವಚನ. ಕೊಡಲಾರಿರಿ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಮೊಮ್ಮಗಳು ಈಗ ಪ್ರತಿ ಭಾನುವಾರ ಫೋನ್ ಎತ್ತಿದ ಕೂಡಲೇ, "ತಂದ್ಯಾ ತಾತ?" ಎಂದು ಕೇಳುತ್ತಾಳೆ. ಅದು ಭೂತಕಾಲವೆಂದು ಕಿವಿಗೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ನನಗೆ ಬರುವುದನ್ನೇ ಹೇಳುತ್ತೇನೆ: ತರುತ್ತೇನೆ.

ಇಂತಿ,
ಕನಿಷ್ಠ ಸಂಖ್ಯೆಗೆ ಒಬ್ಬಳು ಕಡಿಮೆಯಿರುವ ಮನೆಯಿಂದ,
ನಿಮ್ಮ ಹಳೆಯ ವಿದ್ಯಾರ್ಥಿ, ಎರಡನೇ ಬಾರಿಗೂ ಅರ್ಧಕ್ಕೆ