ಇನ್ನೂರ ಹನ್ನೆರಡನೆಯ ಹೆಸರು

ಬಸವನ ಬಾಗೇವಾಡಿ
೧೧ ಮಾರ್ಚ್ ೨೦೨೫

ಆತ್ಮೀಯ ಅಬ್ದುಲರಜಾಕ ಮಾಸ್ತರರಿಗೆ,

ಶರಣು, ಸಲಾಮು. ನಿಮ್ಮ ಸಂಕ್ರಾಂತಿಯ ಪತ್ರಕ್ಕೆ ಈಗ ಉತ್ತರಿಸುತ್ತಿದ್ದೇನೆ. ತಡವಾಗಿ ಬಂದ ಹುಡುಗರ ನೆಪಗಳನ್ನು ನಾವಿಬ್ಬರೂ ಎಂದೂ ಕೇಳಿಸಿಕೊಂಡವರಲ್ಲ. ಆದ್ದರಿಂದ ನೆಪ ಹೇಳದೆ ಕ್ಷಮೆ ಕೇಳುತ್ತೇನೆ. ರೋಜಾದ ದಿನಗಳಲ್ಲಿ ಸಕ್ಕರೆ ಕಾಯಿಲೆಯ ಔಷಧವನ್ನು ತಪ್ಪಿಸಬೇಡಿ.

ನಮ್ಮ ಮನೆಯಲ್ಲೊಂದು ಹೊಸ ಶಾಲೆ ತೆರೆದಿದೆ; ವಿದ್ಯಾರ್ಥಿಗಳು ಇಬ್ಬರೇ. ಸೊಸೆ ಭಾಗ್ಯಜ್ಯೋತಿ ವಿಡಿಯೋಗಳನ್ನು ನೋಡಿಯೇ ಕಲಿತು, ಆರು ವರ್ಷಗಳಿಂದ ಈ ಭಾಗದ ಅಂಗಡಿ, ಸಂಸ್ಥೆಗಳಿಗೆ ಜಾಲತಾಣ ಮಾಡಿಕೊಡುತ್ತಿರುವುದು ನಿಮಗೆ ಗೊತ್ತು. ಜನವರಿಯಲ್ಲಿ ಒಂದು ಮಧ್ಯಾಹ್ನ, "ಮಾವಾರ, ಪಾಯಾ ತಗೀದಽ ಗ್ವಾಡಿ ಕಟ್ಟೇನಿ. ಮತ್ತ ಮೊದಲಿಂದ ಕಲೀತೇನಿ" ಎಂದು ಹೇಳಿ, ಪ್ರೋಗ್ರಾಮಿಂಗ್‌ನ ಮೂಲಪಾಠಗಳ ಆನ್‌ಲೈನ್ ತರಗತಿಗೆ ಸೇರಿಕೊಂಡಳು. ನಾನೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ. ಪ್ರತಿ ಲೆಕ್ಕದ ಉತ್ತರವನ್ನೂ ದಿನಾಂಕ ಹಾಕಿ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಆಮೇಲೆ ಯಂತ್ರವನ್ನು ಕೇಳಬೇಕು ಎಂದು ಕಟ್ಟಪ್ಪಣೆ ಮಾಡಿದೆ.

"ಆ ಮಾಸ್ತರ ಎಲ್ಲೋ ಪರದೇಶದಾಗ ಕುಂತಾನ್ರಿ. ನನ್ನ ನೋಟಬುಕ್ ನೋಡಾಕ ಬರಂಗಿಲ್ಲ."

"ಆಂವ ಬರದಿದ್ರ ನಾ ಇಲ್ಲೇ ಅದೀನಲ್ಲ?"

"ಅದಽ ನೋಡ್ರಿ ಅಂಜಿಕಿ!"

ಕಳೆದ ತಿಂಗಳು ಒಂದು ಸಣ್ಣ ಲೆಕ್ಕ ಬಂತು. ಏಳು, ಇಪ್ಪತ್ತೈದು, ನೂರು: ಇವನ್ನು ಕಿರಿದರಿಂದ ಹಿರಿದಕ್ಕೆ ಜೋಡಿಸಿದರೆ ಯಂತ್ರ ಏನು ಕೊಡುತ್ತದೆ? ಇದು ಒಂದನೆಯ ತರಗತಿಯ ಪ್ರಶ್ನೆ ಎಂದು ಇಬ್ಬರೂ ಹಾಗೆಯೇ ಬರೆದೆವು. ಯಂತ್ರವು ನೂರು, ಇಪ್ಪತ್ತೈದು, ಏಳು ಎಂದಿತು. ಇವು ಸಂಖ್ಯೆಗಳು ಎಂದು ನಾವು ಬಿಡಿಸಿ ಹೇಳದಿದ್ದರೆ, ಅದು ನಿಘಂಟಿನಲ್ಲಿ ಪದಗಳನ್ನು ಜೋಡಿಸುವಂತೆ ಮೊದಲ ಅಂಕಿಯನ್ನು ನೋಡಿ ಜೋಡಿಸುತ್ತದೆಯಂತೆ. ಒಂದರಿಂದ ಆರಂಭವಾಗುವ ನೂರು, ಎರಡರಿಂದ ಆರಂಭವಾಗುವ ಇಪ್ಪತ್ತೈದಕ್ಕಿಂತ ಕಿರಿದಾಗಿಬಿಡುತ್ತದೆ.

ನಾನು ನಕ್ಕೆ, ಅವಳು ನಗಲಿಲ್ಲ. "ಮಾವಾರ, ಗಣಿತ ಶಿಬಿರದ ಯಾದಿ ನಾ ಹಿಂಗಽ ಮಾಡಿದ್ದೆ" ಎಂದಳು.

ಎರಡು ವರ್ಷಗಳ ಹಿಂದೆ ನಮ್ಮ ಟ್ರಸ್ಟಿನ ಬೇಸಿಗೆ ಶಿಬಿರಕ್ಕೆ ನಡೆದ ಆಯ್ಕೆ ಪರೀಕ್ಷೆ ನಿಮಗೆ ನೆನಪಿರಬೇಕು. ಇನ್ನೂರ ಹನ್ನೆರಡು ಮಕ್ಕಳು ನೂರು ಅಂಕಗಳ ಪರೀಕ್ಷೆ ಬರೆದಿದ್ದರು. ಭಾಗ್ಯಜ್ಯೋತಿಯ ಜಾಲತಾಣ ಹೆಚ್ಚಿನ ಅಂಕದಿಂದ ಕಡಿಮೆ ಅಂಕದ ಕ್ರಮದಲ್ಲಿ ಯಾದಿ ಕೊಟ್ಟಿತು. ಸಮಿತಿಯ ಅಧ್ಯಕ್ಷನಾದ ನಾನು ಮೊದಲ ಮೂವತ್ತು ಹೆಸರುಗಳಿಗೆ ಸಹಿ ಮಾಡಿದೆ. ಎರಡಂಕಿಯ ಸಂಖ್ಯೆಗಳೆಲ್ಲ ಸರಿಯಾಗಿಯೇ ಕುಳಿತಿದ್ದವು. ಕೊನೆಯ ಪುಟವನ್ನು ಯಾರೂ ನೋಡಲಿಲ್ಲ. ಕಳೆದ ತಿಂಗಳು, ಆ ಲೆಕ್ಕ ಬಂದ ದಿನವೇ, ಅದನ್ನು ತೆರೆದೆವು. ಇನ್ನೂರ ಹನ್ನೆರಡನೆಯ ಹೆಸರು ಮುಬಿನ, ಊರು ಹೊರ್ತಿ. ಅಂಕ ನೂರು.

ನಿಮ್ಮ ಮೊಮ್ಮಗಳು, ಮಾಸ್ತರರೇ. ಮೊದಲನೆಯ ಹೆಸರು ಅವಳದಾಗಬೇಕಿತ್ತು.

ಮರುದಿನ ಇಬ್ಬರೂ ಟ್ರಸ್ಟಿನ ಗುರಪ್ಪನವರಲ್ಲಿಗೆ ಹೋದೆವು. "ಮುಗದ ಮಾತು ಯಾಕ ಕೆದಕತೀರಿ? ಈಕಿ ಧಂದೆ ಹಾಳಾಗತೈತಿ" ಎಂದು ಅವರು ಗದರಿದರು. "ಆಗಲಿರಿ. ತಪ್ಪು ನಂದು, ನಾನಽ ಬರದ ಹಾಕ್ತೇನಿ" ಎಂದವಳು ಸಂಜೆಯೊಳಗೆ ತಿದ್ದಿದ ಯಾದಿಯನ್ನೂ ತಪ್ಪೊಪ್ಪಿಗೆಯನ್ನೂ ತನ್ನ ಹೆಸರಿನಲ್ಲೇ ಪ್ರಕಟಿಸಿದಳು. ಧಂದೆ ಹಾಳಾಗಲಿಲ್ಲ. ಸೀರೆ ಅಂಗಡಿಯ ಸುಂದರವ್ವ ಮನೆಗೇ ಬಂದು, "ನಮ್ಮದರಾಗೂ ಯಾವ ಸೀರಿ ಕಡೀಗೆ ದೂಡೀ ನೋಡವಾ!" ಎಂದು ಕೆಲಸ ಕೊಟ್ಟುಹೋದಳು. ನಲವತ್ತು ವರ್ಷ ಪಾಠ ಹೇಳಿದವನಿಗೆ ಇಂಥ ವಿದ್ಯಾರ್ಥಿನಿ ಮನೆಯಲ್ಲೇ ಸಿಕ್ಕಳೆಂಬ ಸಂತೋಷ ನನ್ನದು.

ಮುಬಿನಳ ಉತ್ತರಪತ್ರಿಕೆ ಟ್ರಸ್ಟಿನ ಕಪಾಟಿನಲ್ಲಿತ್ತು. ಕೆಂಪು ಪೆನ್ನು ಹಿಡಿದು ಎರಡು ಸಲ ನೋಡಿದೆ. ತಿದ್ದಲು ಏನೂ ಸಿಗಲಿಲ್ಲ. ಅವಳು ಗಣಿತ ಬಿಟ್ಟು ಕಲಾ ವಿಭಾಗ ಸೇರಿದಳೆಂದು ಕಳೆದ ವರ್ಷ ಬರೆದಿದ್ದಿರಿ. ಏಪ್ರಿಲ್ ಶಿಬಿರದಲ್ಲಿ ಅವಳಿಗೊಂದು ಸ್ಥಾನವಿದೆ. ಬರುವುದೂ ಬಿಡುವುದೂ ಅವಳ ಇಷ್ಟ. ಅಂದು ನೀವು ಮೊಮ್ಮಗಳ ಪರವಾಗಿ ಒಂದು ಮಾತನ್ನೂ ಕೇಳಲಿಲ್ಲ. ನಮ್ಮ ಸ್ನೇಹವನ್ನು ಶಿಫಾರಸಾಗಿ ಬಳಸಿಕೊಳ್ಳಲು ಒಪ್ಪದ ನಿಮ್ಮ ಆ ಸಂಯಮಕ್ಕೆ ತಲೆಬಾಗುತ್ತೇನೆ.

ನಿಮ್ಮ ಮನೆಯ ಮಕ್ಕಳೆಲ್ಲರಿಗೂ ವಿದ್ಯೆ, ಆಯುಷ್ಯ ಒದಗಲಿ.

ನಿಮ್ಮ
ಶ್ರೀಶೈಲಪ್ಪ

ತಾ.ಕ.: ಮೇಲಿನದನ್ನು ಬರೆದು ಲಕೋಟೆ ಅಂಟಿಸಿ, ಮತ್ತೆ ಒಡೆದಿದ್ದೇನೆ. ಎರಡು ವರ್ಷಗಳ ಹಿಂದೆ, ಆ ಮೊದಲ ಯಾದಿ ಪ್ರಕಟವಾದ ಮೂರನೆಯ ದಿನ, ಮುಬಿನ ಎರಡು ಬಸ್ಸು ಬದಲಿಸಿ ಒಬ್ಬಳೇ ನಮ್ಮ ಮನೆಗೆ ಬಂದಿದ್ದಳು. "ಅಜ್ಜಾರ, ನನ್ನ ಪೇಪರ ಒಂದ ಸಲ ನೋಡ್ರಿ, ಎಲ್ಲಾ ಲೆಕ್ಕ ಸರಿ ಅದಾವು" ಎಂದಳು. ನಾನು ನೋಡಲಿಲ್ಲ. "ಮಷೀನ್ ತಪ್ಪತೈತೇನವಾ? ಇನ್ನಷ್ಟು ಓದು" ಎಂದು ನೀರು ಕೊಟ್ಟು ಕಳಿಸಿದೆ. ಹೊಸ್ತಿಲಲ್ಲಿ ತಿರುಗಿ ನಿಂತು ಆ ಮಗು ಹೇಳಿದ್ದು ಇಷ್ಟು: "ನಾ ಬಂದಿದ್ದು ನಮ್ಮ ಅಜ್ಜಾಗ ಹೇಳಬ್ಯಾಡ್ರಿ. ನಿಮ್ಮ ಮ್ಯಾಲ ಸಿಟ್ಟಾಗ್ತಾನ." ನಾನು ಹೇಳಲಿಲ್ಲ, ಮಾಸ್ತರರೇ, ಅವಳೂ ಹೇಳಿರಲಾರಳು. ಬರುವ ಭಾನುವಾರ ಹೊರ್ತಿಗೆ ಬರುತ್ತೇನೆ. ಮೊದಲು ಅವಳೊಡನೆ ಮಾತನಾಡಲು ಬಿಡಿ. ನನ್ನನ್ನು ಒಳಗೆ ಕರೆಯುವುದೋ ಬಿಡುವುದೋ, ಅದನ್ನು ಅವಳನ್ನು ಕೇಳಿಯೇ ನಿರ್ಧರಿಸಿ.